ಬಚ್ಚಲಿನ ಕಿಟಕಿಗೊಂದು ಮರೆ

ಹಾಲ್‌ಗೆ ಕರ್ಟನ್ ಆರಿಸುವುದೆಂದರೆ ಅದೊಂದು ಸಂಭ್ರಮ. ಗೋಡೆಯ ಬಣ್ಣ, ಸೋಫಾದ ಬಣ್ಣ, ಅತ್ತಿಗೆಯ ಅಭಿಪ್ರಾಯ, ಅಂಗಡಿಯವನ ಅಭಿಪ್ರಾಯ ಎಲ್ಲ ಸೇರಿ ಒಂದು ಭಾನುವಾರ ಪೂರ್ತಿ ಮುಗಿದುಹೋಗುತ್ತದೆ. ಆದರೆ ಬಚ್ಚಲಿನ ಕಿಟಕಿ? ಪಾಪ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮನೆಗೆ ಬಂದ ನೆಂಟರು ಯಾರಾದರೂ "ನಿಮ್ಮ ಬಚ್ಚಲಿನ ಕಿಟಕಿ ಭಾರೀ ಚಂದ ಇದೆ" ಅಂದದ್ದು ಕೇಳಿದ್ದೀರಾ? ಎರಡು ತಿಂಗಳಿಂದ ನಾನು ಮಾತ್ರ ಅದೊಂದನ್ನೇ ಯೋಚಿಸುತ್ತಾ ಇದ್ದೇನೆ. ನಗಬೇಡಿ, ಪೂರ್ತಿ ಓದಿ :-)

ತೀರ್ಥಹಳ್ಳಿ ಕಡೆಯ ನಮ್ಮ ಊರಿನ ಮನೆಯಲ್ಲಿ ಬಚ್ಚಲುಮನೆಯೆಂದರೆ ಹಿತ್ತಿಲ ಕಡೆಗೆ, ಕೊಟ್ಟಿಗೆಯ ಪಕ್ಕದಲ್ಲಿ. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಒಲೆಗೆ ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಗೋಡೆಯೆಲ್ಲ ಮಸಿ. ಕಿಟಕಿಗೆ ನಾಲ್ಕು ಮರದ ಸರಳು ಬಿಟ್ಟರೆ ಬಾಗಿಲೂ ಇರಲಿಲ್ಲ, ಪರದೆಯೂ ಇರಲಿಲ್ಲ. ಆಚೆಗೆ ಅಡಿಕೆ ತೋಟ. ನೋಡುವುದಕ್ಕಾದರೂ ಯಾರಿದ್ದರು? ಕಾಗೆ, ಅಳಿಲು, ಬೇಸಗೆಯಲ್ಲಿ ಒಂದೆರಡು ಮಂಗ. ಆ ಕಿಟಕಿಗೆ ಬಟ್ಟೆ ಕಟ್ಟಿದ್ದರೆ ಹೊಗೆ ಎಲ್ಲಿಂದ ಹೋಗಬೇಕಿತ್ತು? ಕಿಟಕಿ ಇದ್ದದ್ದೇ ಹೊಗೆ ಹೋಗುವುದಕ್ಕೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಾವಿರುವುದು ಬೆಂಗಳೂರಿನಲ್ಲೊಂದು ಬಾಡಿಗೆ ಮನೆ, ಎರಡನೇ ಮಹಡಿ. ಬಚ್ಚಲಿಗೆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಐದು ಗಾಜಿನ ಪಟ್ಟಿಗಳಿರುವ ಲೂವರ್ ಕಿಟಕಿ. ಮನೆ ಕಟ್ಟಿಸಿದಾಗ ಪಕ್ಕದ್ದು ಖಾಲಿ ಸೈಟು, ಹಾಗಾಗಿ ಓನರ್ ಸಾದಾ ಗಾಜೇ ಹಾಕಿಸಿದ್ದರು. ನಾವು ಬಂದಾಗಲೂ ಅಲ್ಲಿ ಹೊಂಗೆ ಮರವೊಂದಿತ್ತು. ಆಮೇಲೆ ಮರ ಹೋಯಿತು, ಜೆಸಿಬಿ ಬಂತು, ನೋಡನೋಡುತ್ತಲೇ ನಾಲ್ಕು ಅಂತಸ್ತು ಎದ್ದು ನಿಂತಿತು. ನಮ್ಮ ಬಚ್ಚಲಿನ ಕಿಟಕಿಗೂ ಅವರ ಬಾಲ್ಕನಿಗೂ ಈಗ ಹತ್ತಡಿಯೂ ಇಲ್ಲ. ಅವರ ಮನೆ ಒಗ್ಗರಣೆಗೆ ಇಂಗು ಬಿತ್ತೋ ಬೆಳ್ಳುಳ್ಳಿ ಬಿತ್ತೋ ನಮಗೆ ಗೊತ್ತಾಗುತ್ತದೆ.

ಹೊಸ ಮನೆಗೆ ಜನ ಬಂದು ವಾರವಾಗಿತ್ತಷ್ಟೇ, ಅಮ್ಮ ಊರಿನಿಂದ ಬಂದಳು. ಎರಡು ದಿನ ಕಳೆದ ಮೇಲೆ ಗಮನಿಸಿದೆ, ಅಮ್ಮ ಬೆಳಗಿನ ಜಾವ ಐದು ಗಂಟೆಗೇ ಎದ್ದು ಕತ್ತಲೆಯಲ್ಲಿ ಸ್ನಾನ ಮಾಡುತ್ತಾಳೆ. ಲೈಟೇ ಹಾಕುವುದಿಲ್ಲ.

"ಲೈಟ್ ಹಾಕ್ಕೋ ಅಮ್ಮಾ, ನೆಲ ಒದ್ದೆ ಇರತ್ತೆ, ಜಾರಿ ಬಿದ್ರೆ ಏನು ಗತಿ?"

"ಲೈಟ್ ಹಾಕಿದ್ರೆ ಎದುರು ಮನೆಯವ್ರಿಗೆ ಬಿಟ್ಟಿ ಸಿನಿಮಾ. ನಂಗೆ ಕತ್ಲೆ ರೂಢಿ ಉಂಟು, ನೀ ಸುಮ್ನಿರು ಮಾರಾಯ್ತಿ."

ಅರವತ್ತೆಂಟು ವರ್ಷದ ಮೊಣಕಾಲು, ಒದ್ದೆ ಟೈಲ್ಸು, ಕತ್ತಲೆ. ನನಗೆ ನಿದ್ದೆ ಬರುವುದಾದರೂ ಹೇಗೆ? ಮಾರನೆಯ ದಿನ ಇನ್ನೊಂದು ಕಂಡಿತು. ಲೂವರ್ ಪಟ್ಟಿಗಳ ಸಂದಿಗೆಲ್ಲ ಹಳೆಯ ಪಂಚೆಯ ತುಂಡುಗಳನ್ನು ಅಚ್ಚುಕಟ್ಟಾಗಿ ತುರುಕಿಟ್ಟಿದ್ದಳು. ಒಂದು ಸೂಜಿಯಷ್ಟೂ ಬೆಳಕು ಆಚೆ ಹೋಗುವಂತಿರಲಿಲ್ಲ. ಗಾಳಿಯೂ ಒಳಗೆ ಬರುವಂತಿರಲಿಲ್ಲ. ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಓನರ್ ಕೂರಿಸಿಕೊಟ್ಟ ನಮ್ಮ ಗೀಸರ್ ಗ್ಯಾಸಿನದು, ಅದು ಇದ್ದದ್ದು ಬಚ್ಚಲಿನ ಒಳಗೆ.

ಗ್ಯಾಸ್ ಗೀಸರ್ ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಸಣ್ಣ ಬಚ್ಚಲಿನಲ್ಲಿ ಗಾಳಿ ಓಡಾಡದಿದ್ದರೆ ಉರಿಯುವ ಗ್ಯಾಸು ಅಲ್ಲಿರುವ ಆಮ್ಲಜನಕವನ್ನು ಮುಗಿಸುತ್ತಾ ಬರುತ್ತದೆ. ಆಮ್ಲಜನಕ ಸಾಲದಾದಾಗ ಗ್ಯಾಸು ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಗ್ಯಾಸು ಸೋರಿದರೆ ನಮಗೆ ವಾಸನೆ ಬರುತ್ತದೆ, ಏಕೆಂದರೆ ವಾಸನೆಯ ರಾಸಾಯನಿಕವನ್ನು ಬೇಕೆಂದೇ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆ ಭಾರ, ಆಮೇಲೆ ವಾಕರಿಕೆ, ಆಮೇಲೆ ಕಾಲಲ್ಲಿ ಶಕ್ತಿ ಇರುವುದಿಲ್ಲ. ಚಿಲಕ ಎರಡೇ ಹೆಜ್ಜೆ ದೂರದಲ್ಲಿದ್ದರೂ ಕೈ ಅಲ್ಲಿಗೆ ಹೋಗುವುದಿಲ್ಲ. ಚಳಿಗಾಲ ಬಂತೆಂದರೆ ಪೇಪರಿನಲ್ಲಿ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಚಳಿ ಅಂತ ಕಿಟಕಿ ಮುಚ್ಚಿರುತ್ತಾರೆ, ಅಷ್ಟೇ.

ಪಂಚೆ ತುಂಡು ತೆಗೆದೆ. ಅಮ್ಮನಿಗೆ ಸಿಟ್ಟು ಬಂತು. "ನಿಂಗೆ ಅಮ್ಮನ ಮಾನಕ್ಕಿಂತ ಗಾಳಿ ಹೆಚ್ಚಾ?" ಅಂದಳು. ಅವಳ ಮಾತಿನಲ್ಲಿ ತಪ್ಪೇನಿದೆ ಹೇಳಿ? ನಾಲ್ಕು ಗೋಡೆಯ ಮಧ್ಯೆ ನಿರುಮ್ಮಳವಾಗಿ ಎರಡು ಚೊಂಬು ನೀರು ಹೊಯ್ದುಕೊಳ್ಳುವುದು ಯಾರಿಗಾದರೂ ಬೇಕು. ಅವತ್ತಿನಿಂದ ಅಮ್ಮ ಬಕೆಟ್ಟಿಗೆ ಬಿಸಿನೀರು ತುಂಬಿಸಿ, ಗೀಸರ್ ಆರಿಸಿ, ಆಮೇಲೇ ಬಾಗಿಲು ಹಾಕಿಕೊಳ್ಳಬೇಕೆಂದು ಒಪ್ಪಂದವಾಯಿತು. ಕಿಟಕಿಗೆ ಮರೆ ಮಾಡಿಸುವುದು ನನ್ನ ಪಾಲಿಗೆ ಬಂತು. ಕಣ್ಣು ಒಳಗೆ ಬರಬಾರದು, ಗಾಳಿ ಬರಬೇಕು. ಹೇಳುವುದಕ್ಕೆ ಸುಲಭ!

ಮೊದಲು ಹೊಳೆದದ್ದು ಬಟ್ಟೆಯ ಪರದೆ. ಅದು ದಿನಾ ಹಬೆ ಕುಡಿದು ಒಣಗದೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಪರದೆಗೆ ಬೂಷ್ಟು ಕಡಿಮೆ, ಆದರೆ ಗಾಳಿ ಬಂದಾಗ ಹಾರಿ ಎಲ್ಲ ಬಯಲು. ಹಾರದಂತೆ ಕಟ್ಟಿದರೆ ಪಂಚೆ ತುರುಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ರೋಲರ್ ಬ್ಲೈಂಡ್ ಇಳಿಸಿದರೂ ಅದೇ ಕಥೆ.

ಅಂಗಡಿಯವನು ಬೆಳ್ಳಿ ಬಣ್ಣದ ಮಿರರ್ ಫಿಲ್ಮ್ ತೋರಿಸಿದ. "ಹೊರಗಿಂದ ಕನ್ನಡಿ ಮೇಡಂ, ಏನೂ ಕಾಣಲ್ಲ." ಒಂದು ಸ್ಯಾಂಪಲ್ ತುಂಡು ತಂದೆವು. ಹಗಲು ನಿಜವಾಗಿಯೂ ಕಾಣಲಿಲ್ಲ. ರಾತ್ರಿ ನನ್ನವರನ್ನು (ಬಟ್ಟೆ ಹಾಕಿಕೊಂಡೇ!) ಬಚ್ಚಲಿನಲ್ಲಿ ನಿಲ್ಲಿಸಿ, ಲೈಟ್ ಹಾಕಿಸಿ, ಆ ತುಂಡನ್ನು ಗಾಜಿಗೆ ಅಂಟಿಸಿ, ನಾನು ಕೆಳಗಿಳಿದು ರಸ್ತೆಯಿಂದ ನೋಡಿದೆ. ಅವರ ಕೈ, ಕೈಯಲ್ಲಿದ್ದ ಚೊಂಬು ಎಲ್ಲಾ ಸ್ಪಷ್ಟ. ಇದರ ಗುಟ್ಟು ಇಷ್ಟೇ, ಬೆಳಕು ಯಾವ ಕಡೆ ಹೆಚ್ಚಿದೆಯೋ ಆ ಕಡೆಯವರಿಗೆ ಅದು ಕನ್ನಡಿ, ಕತ್ತಲೆ ಕಡೆಯವರಿಗೆ ಕಿಟಕಿ. ರಾತ್ರಿ ಬೆಳಕು ಒಳಗಿರುತ್ತದೆ.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಕಲ್ಲಿನ ಜಾಲಂಧ್ರಗಳನ್ನು ನೋಡಿದ್ದೀರಲ್ಲ? ಬಿಸಿಲಲ್ಲಿ ಹೊರಗೆ ನಿಂತರೆ ತೂತುಗಳಾಚೆ ಬರೀ ಕಪ್ಪು. ಒಳಗೆ ನಿಂತರೆ ಹೊರಗಿನದು ಕಾಣುತ್ತದೆ, ಜೊತೆಗೆ ತಣ್ಣನೆ ಗಾಳಿ. ಅಲ್ಲಿಯೂ ಇದೇ ಲೆಕ್ಕ, ಹೊರಗೆ ಬೆಳಕು, ಒಳಗೆ ಕತ್ತಲೆ. ನಮ್ಮ ಬಚ್ಚಲಿನಲ್ಲಿ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಆ ಲೆಕ್ಕ ತಿರುಗಿಬಿಡುತ್ತದೆ.

ಮುಂದಿನದು ಫ್ರಾಸ್ಟೆಡ್ ಗ್ಲಾಸ್. ಗಾಜಿನ ಒಂದು ಮೈಯನ್ನು ಉಜ್ಜಿ ತರಿತರಿ ಮಾಡಿರುತ್ತಾರೆ, ಬೆಳಕು ಅಲ್ಲಿ ದಿಕ್ಕಾಪಾಲಾಗಿ ಚೆದುರುತ್ತದೆ. ಹಗಲಾಗಲಿ ರಾತ್ರಿಯಾಗಲಿ ಮಂಜು ಮಂಜೇ. ಆದರೆ ಅಂಗಡಿಯಲ್ಲಿ ಒಂದು ಕೆಲಸ ಮಾಡಿ, ತರಿ ಇರುವ ಮೈಗೆ ಒದ್ದೆ ಬೆರಳು ಒತ್ತಿ ನೋಡಿ. ಒದ್ದೆಯಾದ ಜಾಗ ಸಾದಾ ಗಾಜಿನಂತೆ ತಿಳಿಯಾಗುತ್ತದೆ! ತರಿಗಳ ಗುಳಿಯಲ್ಲಿ ನೀರು ತುಂಬಿದರೆ ಮೈ ನುಣುಪಾದಂತೆ ಆಗಿ ಬೆಳಕು ಹೆಚ್ಚು ಚೆದುರದೆ ದಾಟಿಹೋಗುತ್ತದೆ. ಒಳಗೆ ಸ್ನಾನದ ನೀರು ಸಿಡಿಯುತ್ತದೆ, ಹೊರಗೆ ಮಳೆಯ ಎರಚಲು, ತರಿಯನ್ನು ಯಾವ ಕಡೆ ಇಡೋಣ? ಅದಕ್ಕಿಂತ ಅಚ್ಚೊತ್ತಿದ ಡಿಸೈನಿನ ಗಾಜು ವಾಸಿ. ಅಂಗಡಿಯಲ್ಲಿ ಪಿನ್‌ಹೆಡ್ ಅನ್ನುತ್ತಾರೆ, ಮೈಮೇಲೆಲ್ಲ ಸಣ್ಣ ಗುಬುಟುಗಳು. ಅದರ ಏರಿಳಿತ ದೊಡ್ಡದು, ತೆಳ್ಳಗೆ ನೀರು ಹರಡಿದರೂ ಮರೆ ಹೋಗುವುದಿಲ್ಲ.

ಕೊನೆಗೆ ತಿಳಿದದ್ದು, ಪರಿಹಾರದ ಅರ್ಧ ಭಾಗ ಕಿಟಕಿಯಲ್ಲೇ ಇತ್ತು. ಲೂವರ್ ಪಟ್ಟಿಗಳು ಹೊರಗಡೆಗೆ ಇಳಿಜಾರಾಗಿ, ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡಂತೆ ಇರುತ್ತವೆ. ಮಳೆ ಒಳಗೆ ಬರುವುದಿಲ್ಲ, ಗಾಳಿ ಬರುತ್ತದೆ. ಮೇಲಿನ ಮಹಡಿಯಿಂದಲೋ ಎದುರಿನಿಂದಲೋ ನೋಡಿದವರ ದೃಷ್ಟಿ ಗಾಜಿಗೇ ತಾಗುತ್ತದೆ. ಕೆಳಗಿನಿಂದ ಸಂದಿಯಲ್ಲಿ ನೋಡಿದರೆ ನಮ್ಮ ಬಚ್ಚಲಿನ ಸೀಲಿಂಗ್ ಕಾಣಬಹುದು, ಧಾರಾಳವಾಗಿ ನೋಡಿಕೊಳ್ಳಲಿ. ನಮಗೆ ಬೇಕಾದದ್ದು ಆ ಪಟ್ಟಿಗಳಿಗೆ ಬೇರೆ ಗಾಜು ಮಾತ್ರ. ಚೌಕಟ್ಟಿನಿಂದ ಅವು ಜಾರಿಸಿದರೆ ಬರುತ್ತವೆ. ಗ್ಲಾಸ್ ಅಂಗಡಿಯವರು ಅಳತೆ ತೆಗೆದುಕೊಂಡು ಐದು ಪಿನ್‌ಹೆಡ್ ಪಟ್ಟಿ ಕತ್ತರಿಸಿ, ಅಂಚು ಉಜ್ಜಿ ಕೊಟ್ಟರು.

ಇನ್ನೊಂದು ಬಾಕಿ ಇತ್ತು. ಲೈಟು ಕಿಟಕಿಯ ಎದುರಿನ ಗೋಡೆಯಲ್ಲಿತ್ತು. ಲೈಟಿಗೂ ಕಿಟಕಿಗೂ ಮಧ್ಯೆ ನಾವು ನಿಂತರೆ ಎಂಥ ಮಸುಕು ಗಾಜಾದರೂ ಅದರ ಮೇಲೆ ನಮ್ಮ ನೆರಳು ಬೀಳುತ್ತದೆ, ತೊಗಲುಬೊಂಬೆ ಆಟದ ಪರದೆಯ ಹಾಗೆ. ಎಲೆಕ್ಟ್ರಿಷಿಯನ್ ಕರೆಸಿ ಲೈಟನ್ನು ಕಿಟಕಿಯ ಮೇಲ್ಗಡೆಗೇ ಹಾಕಿಸಿದೆವು. ಈಗ ನೆರಳು ಹಿಂದಿನ ಗೋಡೆಗೆ ಬೀಳುತ್ತದೆ. ಆ ರಾತ್ರಿ ಅಮ್ಮನನ್ನೇ ರಸ್ತೆಗೆ ಕರೆದುಕೊಂಡು ಹೋದೆ. ನನ್ನವರು ಮೇಲೆ ನಿಂತು ಕೈ ಬೀಸಿದರು. ಅಮ್ಮ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿ, "ಅಳಿಯಂದ್ರು ಒಳಗೆ ಉಂಟೋ ಇಲ್ವೋ?" ಎಂದಳು. ಪಾಸ್!

ಓನರ್ ಅರ್ಧ ಖರ್ಚು ಕೊಡಲು ಒಪ್ಪಿದ ಮೇಲೆ ಗೀಸರ್ ಯುಟಿಲಿಟಿಗೆ ಹೋಯಿತು, ಗೋಡೆ ಕೊರೆದು ಬಿಸಿನೀರಿನ ಪೈಪು ಮಾತ್ರ ಒಳಗೆ. ಹಾಗಂತ ಕಿಟಕಿ ಮುಚ್ಚಬಹುದು ಅಂತಲ್ಲ, ಹಬೆ ಹೋಗಲೇಬೇಕಲ್ಲ. ಅಮ್ಮ ಈಗ ಆರೂವರೆಗೆ, ಲೈಟ್ ಹಾಕಿಕೊಂಡು, ದೇವರನಾಮ ಹೇಳಿಕೊಂಡು ಸ್ನಾನ ಮಾಡುತ್ತಾಳೆ. ನೀವೂ ಬಚ್ಚಲಿನ ಕಿಟಕಿಗೆ ಏನಾದರೂ ಹಾಕಿಸುವುದಿದ್ದರೆ ಹಗಲು ಅಂಗಡಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ. ತುಂಡು ತಂದು, ರಾತ್ರಿ ಲೈಟ್ ಹಾಕಿ, ಹೊರಗಿನಿಂದ ನೋಡಿ. ಆಮೇಲೆ ಒಳಗೆ ನಿಂತು ಒಂದು ಊದಿನಕಡ್ಡಿ ಹಚ್ಚಿ, ಹೊಗೆ ಎಲ್ಲಿಗೆ ಹೋಗುತ್ತದೆಂದು ನೋಡಿ.

ಈಗ ನನಗೆ ಬೇರೆ ಚಿಂತೆ. ಎದುರು ಮನೆಯವರೂ ತಮ್ಮ ಬಚ್ಚಲಿನ ಕಿಟಕಿಗೆ ರಟ್ಟು ಇಟ್ಟು ಟೇಪ್ ಸುತ್ತಿದ್ದಾರೆ, ಬಹುಶಃ ನಮ್ಮ ಕಣ್ಣಿಗೆ ಹೆದರಿ. ಅವರ ಯುಟಿಲಿಟಿಯ ಸಿಲಿಂಡರಿನಿಂದ ಕಿತ್ತಳೆ ಬಣ್ಣದ ಗ್ಯಾಸ್ ಪೈಪೊಂದು ಬಚ್ಚಲಿನ ಗೋಡೆಯೊಳಗೆ ಹೋಗಿರುವುದು ನಮ್ಮ ಅಡುಗೆಮನೆಯಿಂದ ಕಾಣುತ್ತದೆ. ಇನ್ನೂ ಹೆಸರು ಕೂಡ ಕೇಳದವರ ಹತ್ತಿರ ಹೋಗಿ "ನಿಮ್ಮ ಬಚ್ಚಲಿನ ಕಿಟಕಿ ನೋಡಿದೆ" ಅಂತ ಮಾತು ಶುರು ಮಾಡುವುದು ಹೇಗೆ? ಅಮ್ಮನನ್ನು ಕೇಳಿದೆ. "ಒಂದು ಡಬ್ಬಿ ಕೋಡುಬಳೆ ಹಿಡ್ಕೊಂಡು ಹೋಗು, ಮಾತು ತಾನಾಗೇ ಬರ್ತದೆ" ಅಂದಳು. ಹಿಟ್ಟು ಕಲಸಿಟ್ಟಿದ್ದಾಳೆ, ಸಂಜೆಗೆ ಹೋಗುತ್ತಿದ್ದೇನೆ.