ನೀರುಗುಳುತ್ತಿದ್ದ ಹನ್ನೆರಡು ತಲೆಗಳು

‘ಅಲ್ಲಿ ಒಡೆದ ಕಲ್ಲು ಬಿಟ್ಟರೆ ಇನ್ನೇನೂ ಇಲ್ಲ, ಅಪ್ಪಾ’ ಎಂದಳು ಮಗಳು. ಅಳಿಯನಿಗೆ ಬೀಜಿಂಗ್‌ನಲ್ಲಿ ಕೆಲಸ. ದಸರಾ ರಜೆಯಲ್ಲಿ ನಾವಿಬ್ಬರೂ ಅವರ ಮನೆಗೆ ಹೋಗಿದ್ದೆವು. ಹಂಪಿ ಕಂಡವನಿಗೆ ಒಡೆದ ಕಲ್ಲು ಹೊಸದೇ? ಮೆಟ್ರೋ ಹತ್ತಿ ನಗರದ ವಾಯವ್ಯಕ್ಕಿರುವ ಯುವಾನ್‌ಮಿಂಗ್‌ಯುವಾನ್‌ಗೆ ಹೊರಟೇಬಿಟ್ಟೆವು.

ತಾವರೆ ಕೊಳಗಳನ್ನು ದಾಟಿ ಒಳಗೆ ನಡೆದರೆ ಬಿಳಿಕಲ್ಲಿನ ಕಂಬಗಳು ಕಾಣುತ್ತವೆ. ಕೆತ್ತನೆ ಚೀನಾದ್ದಲ್ಲ, ಯುರೋಪಿನದು. 18ನೇ ಶತಮಾನದಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಗೆ ಕಾರಂಜಿಯ ಹುಚ್ಚು ಹತ್ತಿತು. ಆಸ್ಥಾನದಲ್ಲಿದ್ದ ಇಟಲಿಯ ಕ್ಯಾಸ್ಟಿಲಿಯೋನೆ ಅರಮನೆಯ ನಕ್ಷೆ ಬರೆದರು. ನೀರಿನ ಕೆಲಸ ಫ್ರೆಂಚ್ ಪಾದ್ರಿ ಬೆನ್ವಾ ಅವರದು.

ಹೈಯಾನ್‌ತಾಂಗ್ ಎಂಬ ಕಟ್ಟಡದ ಮುಂದಿನ ಕೊಳದ ಎರಡೂ ಬದಿ ಆರಾರು ಮೂರ್ತಿಗಳಿದ್ದವು. ಮೈ ಮನುಷ್ಯನದು, ಕಂಚಿನ ತಲೆ ಪ್ರಾಣಿಯದು: ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, ಹಂದಿ. ಚೀನೀಯರ ವರ್ಷಗಳಿಗೆ ಮಾತ್ರವಲ್ಲ, ದಿನದ ಹೊತ್ತಿಗೂ ಇದೇ ಹೆಸರುಗಳು. ಒಂದು ಪ್ರಾಣಿಗೆ ಎರಡು ಗಂಟೆ. ರಾತ್ರಿ ಹನ್ನೊಂದಕ್ಕೆ ಇಲಿಯ ಸರದಿ ಶುರು. ಸರದಿ ಬಂದ ಪ್ರಾಣಿಯ ಬಾಯಿಂದ ನೀರು ಚಿಮ್ಮುತ್ತಿತ್ತು. ನಡುಮಧ್ಯಾಹ್ನ ಮಾತ್ರ ಹನ್ನೆರಡೂ ಒಟ್ಟಿಗೆ! ಎತ್ತರದ ತೊಟ್ಟಿಯಲ್ಲಿ ನೀರು ತುಂಬಿಟ್ಟರೆ ಉಳಿದದ್ದೆಲ್ಲ ಒತ್ತಡದ ಕೆಲಸ, ಒಂಬತ್ತನೇ ತರಗತಿಯ ಪಾಠ. ಬೆನ್ವಾ ತೀರಿಕೊಂಡ ಮೇಲೆ ನೀರೆತ್ತುವ ಯಂತ್ರ ಕೆಟ್ಟು, ಆಳುಗಳು ಹೊತ್ತು ತುಂಬಿಸುತ್ತಿದ್ದರಂತೆ.

ಅಂದಹಾಗೆ, ನಮ್ಮ ಪ್ರಭವ ವಿಭವಗಳಂತೆ ಅವರಿಗೂ 60 ಸಂವತ್ಸರಗಳ ಚಕ್ರವಿದೆ. ಹನ್ನೆರಡು ಪ್ರಾಣಿಗಳ ಜೊತೆ ಇನ್ನೊಂದು ಹತ್ತರ ಸರಣಿ ಸುತ್ತುತ್ತದೆ. ಹತ್ತು, ಹನ್ನೆರಡರ ಲ.ಸಾ.ಅ. 60.

1860ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಇದೆಲ್ಲವನ್ನೂ ಲೂಟಿ ಮಾಡಿತು. ಸೆರೆಸಿಕ್ಕ ತನ್ನವರನ್ನು ಚೀನೀಯರು ಹಿಂಸಿಸಿ ಕೊಂದರೆಂಬ ಸಿಟ್ಟಿಗೆ ಲಾರ್ಡ್ ಎಲ್ಜಿನ್ ಬೆಂಕಿ ಇಡಿಸಿದ. ಇದೇ ಎಲ್ಜಿನ್ 1862ರಲ್ಲಿ ನಮಗೆ ವೈಸರಾಯ್ ಆಗಿ ಬಂದ. ಅವನ ಗೋರಿ ಧರ್ಮಶಾಲೆಯಲ್ಲಿದೆ. ಆ ದಂಡಿನಲ್ಲಿ ನಮ್ಮವರೂ ಇದ್ದರು. ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯುದ್ಧ ಗೌರವಗಳಲ್ಲಿ ‘ಪೀಕಿಂಗ್ 1860’ ಎಂಬುದೂ ಒಂದು. ಬೆಂಕಿಯಿಟ್ಟ ಕೈ ಅವರದೆಂದು ನಾನು ಹೇಳುತ್ತಿಲ್ಲ. ಆದರೂ ಆ ಗೋಡೆಯ ಪಕ್ಕ ಎಷ್ಟೋ ಸಲ ಬಸ್ಸಿನಲ್ಲಿ ಹೋದವನಿಗೆ, ಈ ಕಲ್ಲುಗಳ ನಡುವೆ ನಿಂತಾಗ ‘ಅವರು’ ಎಂದು ಬೆರಳು ತೋರಿಸಲು ಸ್ವಲ್ಪ ಮುಜುಗರವಾಯಿತು.

ತಲೆಗಳು ದೇಶಾಂತರ ಹೋದವು. 2009ರಲ್ಲಿ ಪ್ಯಾರಿಸ್‌ನಲ್ಲಿ ಇಲಿ ಮತ್ತು ಮೊಲ ಹರಾಜಿಗೆ ಬಂದಾಗ ಚೀನೀಯನೊಬ್ಬ ತಲಾ 1.4 ಕೋಟಿ ಯೂರೊಗೆ ಕೂಗಿ, ಆಮೇಲೆ ‘ಹಣ ಕೊಡಲಾರೆ’ ಎಂದುಬಿಟ್ಟ! 2013ರಲ್ಲಿ ಫ್ರಾನ್ಸಿನ ಪಿನೋ ಕುಟುಂಬ ಅವೆರಡನ್ನೂ ಉಚಿತವಾಗಿ ಹಿಂದಿರುಗಿಸಿತು. ಒಟ್ಟು ಏಳು ಚೀನಾಕ್ಕೆ ಮರಳಿವೆ. ಮೂಲ ಜಾಗಕ್ಕೇ ಬಂದದ್ದು ಕುದುರೆಯೊಂದೇ. ಮಕಾವ್‌ನ ಉದ್ಯಮಿ ಸ್ಟಾನ್ಲಿ ಹೋ ಕೊಂಡು ದಾನ ಕೊಟ್ಟ ಆ ತಲೆ 2020ರಿಂದ ಉದ್ಯಾನದ ಝೆಂಗ್‌ಜುಯೆ ಗುಡಿಯಲ್ಲಿದೆ. ಹಣೆಯ ಮೇಲಿಳಿದ ಜೂಲಿನ ಎಳೆಗಳನ್ನು ಎಣಿಸಬಹುದು.

‘ನೀವು 1970ರಲ್ಲಿ ಹುಟ್ಟಿದ್ದಲ್ಲವೇ ಮಾವ, ನಿಮ್ಮದು ನಾಯಿ’ ಎಂದ ಅಳಿಯ. ನಾಯಿಯ ತಲೆ ಎಲ್ಲಿದೆಯೋ ಇನ್ನೂ ಪತ್ತೆಯಿಲ್ಲ. ಹೊರಬಂದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ಮೊಣಕಾಲು ನೋಯುತ್ತಿದ್ದರೂ ಹೈಯಾನ್‌ತಾಂಗ್‌ಗೆ ಇನ್ನೊಮ್ಮೆ ಹೋಗಿಬರೋಣವೇ ಎಂದು ನಾನೇ ಕೇಳಿದೆ.