ಲೆಫ್ಟ್ ಕಾರ್ನರ್

"ಈವರೆಗೆ ತಲೆಗೆ ಎಷ್ಟು ಸಲ ಜೋರಾಗಿ ಏಟು ಬಿದ್ದಿದೆ?" ಅಂತ ಡಾಕ್ಟರಮ್ಮ ಕೇಳಿದರು. ಎರಡು ಅಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ನಾಲ್ಕು, ಮೇಡಂ. ಮದುವೆ ಆದ್ಮೇಲಿಂದು ಇಷ್ಟು. ಅದಕ್ಕೆ ಮುಂಚಿಂದು ನಂಗೊತ್ತಿಲ್ಲ" ಅಂದಳು. ಮುಂಚಿನದಕ್ಕೆ ಆ ರಾತ್ರಿ ನಮ್ಮ ಹಳೇ ತಂಡದ ಕವರ್ ಆಟಗಾರನಿಗೆ ಫೋನ್ ಹಚ್ಚಿದೆ. ಅವನು ಊರಿನ ಹೆಸರು ಹಿಡಿದು ಹಿಡಿದು ಎಣಿಸಿದ. ಇನ್ನೂ ಐದು ಸಿಕ್ಕವು. ಒಟ್ಟು ಒಂಬತ್ತು. ಅದರಲ್ಲಿ ಎರಡು ಮಾತ್ರ ನನ್ನ ನೆನಪಿನವು, ಉಳಿದ ಏಳು ಬೇರೆಯವರ ಬಾಯಲ್ಲಿವೆ.

ನಾನು ಕಬಡ್ಡಿಯವನು. ಮಂಡ್ಯ ಸೀಮೆಯಲ್ಲಿ ಹದಿನಾಲ್ಕು ವರ್ಷ ಲೆಫ್ಟ್ ಕಾರ್ನರ್ ಆಡಿದ್ದೇನೆ. ಗಣಪತಿ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ ಅಂತ ಎಲ್ಲೆಲ್ಲಿ ಹೊನಲು ಬೆಳಕಿನ ಪಂದ್ಯಾವಳಿಯ ಬ್ಯಾನರ್ ಕಂಡಿತೋ ಅಲ್ಲಿಗೆ ಟೆಂಪೊ ಹತ್ತಿ ಹೋಗುತ್ತಿದ್ದೆವು. ಆಗೆಲ್ಲ ಮಣ್ಣಿನ ಅಂಕಣ. ನನ್ನ ಕಸುಬು ಆಂಕಲ್ ಹೋಲ್ಡ್. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣಕ್ಕೆ ನೆಲಕ್ಕೆ ಕವುಚಿ ಎರಡೂ ಕೈಯಲ್ಲಿ ಅವನ ಹರಡು ಹಿಡಿಯಬೇಕು. ಆ ಹೊತ್ತಿಗೆ ನಮ್ಮ ತಲೆ ಸರಿಯಾಗಿ ಅವನ ಇನ್ನೊಂದು ಕಾಲಿನ ಮೊಣಕಾಲಿನ ಎತ್ತರದಲ್ಲಿರುತ್ತೆ. ಅವನು ಬಿಡಿಸಿಕೊಳ್ಳಲು ಒದೆಯುತ್ತಾನೆ. ಅದು ತಪ್ಪೂ ಅಲ್ಲ, ಆಟವೇ ಅದು.

ಕವರ್‌ನವನು ಹೇಳಿದ್ದರಲ್ಲಿ ಒಂದು ಕೇಳಿ. ಕಪಾಲಕ್ಕೆ ಮೊಣಕಾಲು ಬಿತ್ತಂತೆ. ನಾನು ಎದ್ದವನೇ ಹೋಗಿ ಎದುರಾಳಿಗಳ ಅರ್ಧದಲ್ಲಿ, ಅವರ ಕಾರ್ನರ್‌ನಲ್ಲಿ ನಿಂತೆನಂತೆ. ಜನ ಬಿದ್ದೂ ಬಿದ್ದೂ ನಕ್ಕರು. ಮುಖಕ್ಕೆ ಸೋಡಾ ಎರಚಿದರು, ಮೈಕಿನವನು "ಗಂಡುಗಲಿ ಮತ್ತೆ ಎದ್ದು ನಿಂತ" ಅಂತ ಕೂಗಿದ. ಆಮೇಲೆ ಇನ್ನೂ ಎರಡು ಕ್ಯಾಚ್ ಹಿಡಿದೆ. ಪಂದ್ಯ ಗೆದ್ದೆವು. ಪಾರಿತೋಷಕ ಎತ್ತಿ ಹಿಡಿದ ನನ್ನ ಫೋಟೊ ಈಗಲೂ ನಡುಮನೆಯ ಗೋಡೆಯ ಮೇಲಿದೆ. ಆ ನಗು ನನ್ನದೇ, ಆದರೆ ಆ ರಾತ್ರಿ ನನ್ನದಲ್ಲ.

ಆಟ ಬಿಟ್ಟ ಮೇಲೆ ಪಿ.ಟಿ. ಮೇಷ್ಟ್ರಾದೆ. ನಲವತ್ತನಾಲ್ಕರ ಹೊತ್ತಿಗೆ ಶುರುವಾಯಿತು. ಬಿಸಿಲಿಗೆ ಕಣ್ಣು ಬಿಡಲಾಗದ ತಲೆನೋವು. ನಿದ್ದೆ ಇಲ್ಲ. ಮಗ ಚಮಚ ಬೀಳಿಸಿದರೆ ಸಿಟ್ಟು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿ "ವಿಶ್ರಾಮ್" ಅಂದೆ. ಮುಂದಿನ ಮಾತು ಬರಲಿಲ್ಲ. ದಿನಾ ಹೇಳುವ ಮಾತು! ಮಕ್ಕಳು ಕಾಲಗಲಿಸಿಕೊಂಡು, ಕೈ ಹಿಂದೆ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು. ಮುಂದಿನ ಸಾಲಿನ ಐದನೇ ಕ್ಲಾಸಿನ ಹುಡುಗಿ ಮೆಲ್ಲಗೆ, "ಸಾವಧಾನ್, ಸಾ" ಅಂದಳು.

ಊರ ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಎಲ್ಲ ನಾರ್ಮಲ್ ಅಂದರು, ಟೆನ್ಷನ್ ಮಾಡ್ಕೋಬೇಡಿ ಅಂದರು. ಆ ಮಾತಿನ ಮೇಲೆ ಒಂದು ವರ್ಷ ಕಳೆದೆ. ಬೆಂಗಳೂರಿನ ಡಾಕ್ಟರಮ್ಮ ಮಾತ್ರ ಏಟುಗಳ ಲೆಕ್ಕ ಕೇಳಿದ್ದು. ಬುರುಡೆಯೊಳಗೆ ಮಿದುಳು ನೀರಿನಲ್ಲಿ ತೇಲುತ್ತಿರುತ್ತೆ, ತಲೆ ಗಕ್ಕನೆ ತಿರುಗಿದಾಗ ಒಳಗಿನ ನರದ ಎಳೆಗಳು ಎಳೆತಕ್ಕೆ ಸಿಗುತ್ತವೆ, ಅದು ಮಾಮೂಲಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ ಅಂದರು. ಪದೇ ಪದೇ ಹೀಗಾದವರಲ್ಲಿ ಕೆಲವರಿಗೆ ವರ್ಷಗಟ್ಟಲೆ ಆದ ಮೇಲೆ ಟೌ ಎಂಬ ಪ್ರೋಟೀನು ಮಿದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಗಂಟುಕಟ್ಟುತ್ತೆ. ಅದಕ್ಕೆ ಸಿ.ಟಿ.ಇ. ಅನ್ನುತ್ತಾರೆ. "ನನಗಿದೆಯಾ?" ಅಂದೆ. "ಬದುಕಿರುವವರಲ್ಲಿ ಖಚಿತವಾಗಿ ಹೇಳೋಕೆ ಆಗಲ್ಲ. ಸತ್ತ ಮೇಲೆ ಮಿದುಳು ಪರೀಕ್ಷೆ ಮಾಡಿದರಷ್ಟೇ ಗೊತ್ತಾಗೋದು" ಅಂದರು. ನಿದ್ದೆಗೂ ಬಿ12 ಕೊರತೆಗೂ ಔಷಧಿ ಬರೆದರು. ನಿಜ ಹೇಳಬೇಕೆಂದರೆ ಅರ್ಧ ಸಿಟ್ಟು ಅದರಲ್ಲೇ ಇಳಿಯಿತು.

ಇನ್ನರ್ಧಕ್ಕೆ ರಾತ್ರಿ ಹೊತ್ತು ಓದುತ್ತಾ ಕೂತೆ. 1928ರಲ್ಲೇ ಅಮೆರಿಕದ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ ಕುಡಿದವರ ಹಾಗೆ ತೂರಾಡುವ ಬಾಕ್ಸರ್‌ಗಳ ಬಗ್ಗೆ ಬರೆದಿದ್ದ. 2002ರಲ್ಲಿ ಬೆನೆಟ್ ಒಮಾಲು ಎಂಬ ವೈದ್ಯ, ಐವತ್ತಕ್ಕೇ ಸತ್ತ ಮೈಕ್ ವೆಬ್‌ಸ್ಟರ್ ಎಂಬ ಅಮೆರಿಕನ್ ಫುಟ್ಬಾಲ್ ಆಟಗಾರನ ಮಿದುಳಿನಲ್ಲಿ ಈ ಸಿ.ಟಿ.ಇ.ಯನ್ನೇ ಕಂಡ. ಬಾಸ್ಟನ್‌ನಲ್ಲಿ ಅದೇ ಆಟದ 111 ವೃತ್ತಿಪರ ಆಟಗಾರರ ಮಿದುಳು ನೋಡಿದರೆ 110ರಲ್ಲಿ ಇತ್ತಂತೆ. ಓದಿದ ರಾತ್ರಿ ಬೆವೆತೆ. ಬೆಳಿಗ್ಗೆ ತಿಳಿಯಿತು, ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ದಾನ ಕೊಟ್ಟ ಮಿದುಳುಗಳವು, ಹಾಗಾಗಿ ಎಲ್ಲ ಆಟಗಾರರ ಲೆಕ್ಕ ಅದಲ್ಲ. ನನಗೆ ಹೆಚ್ಚು ತಟ್ಟಿದ್ದು ಗ್ಲ್ಯಾಸ್ಗೋದ ವಿಲ್ಲಿ ಸ್ಟೀವರ್ಟ್ ತಂಡದ ಕೆಲಸ. 7,676 ಮಾಜಿ ಫುಟ್ಬಾಲ್ ಆಟಗಾರರನ್ನು ಸಾಮಾನ್ಯ ಜನರ ಜೊತೆ ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಮರೆವಿನಂಥ ನರ ಸವೆಯುವ ಕಾಯಿಲೆಗಳಿಂದ ಸತ್ತವರು ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು. ಆಮೇಲೆ ಬಿಡಿಸಿ ನೋಡಿದರೆ ಗೋಲ್‌ಕೀಪರ್‌ಗಳಿಗೆ ಅಪಾಯ ಕಡಿಮೆ, ಡಿಫೆಂಡರ್‌ಗಳಿಗೆ ಎಲ್ಲರಿಗಿಂತ ಹೆಚ್ಚು. ನಾನೂ ಡಿಫೆಂಡರ್ರೇ ಅಲ್ಲವೇ.

ಬಾಸ್ಟನ್‌ನವರ ಇನ್ನೊಂದು ಮಾತಿದೆ. ಪ್ರಜ್ಞೆ ತಪ್ಪಿದ ಏಟುಗಳ ಎಣಿಕೆಗಿಂತ ಎಷ್ಟು ವರ್ಷ ಆಡಿದ ಎನ್ನುವುದೇ ಮುಖ್ಯ, ಗಮನಕ್ಕೂ ಬಾರದ ಸಣ್ಣ ಏಟುಗಳೆಲ್ಲ ಸೇರಿಯೇ ಆಗುವುದು ಅಂತ. ಹಾಗಿದ್ದರೆ ನನ್ನ ಒಂಬತ್ತರ ಲೆಕ್ಕಕ್ಕೆ ಬೆಲೆಯೇ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕೈಗವಸು ಹಾಕಿಸಿ ಒಂದು ಮಿದುಳನ್ನು ಅಂಗೈಗೆ ಕೊಟ್ಟರು. ಔಷಧಿಯಲ್ಲಿ ಇಟ್ಟಿದ್ದರಿಂದ ಪನೀರಿನ ಹಾಗೆ ಗಟ್ಟಿ. ಜೀವಂತವಾಗಿದ್ದಾಗ ಎಳನೀರಿನ ಗಂಜಿಯಷ್ಟು ಮೆತ್ತಗಿರುತ್ತೆ ಅಂತ ಗೊತ್ತಿದ್ದ ನನ್ನ ಕೈ ಸುಮ್ಮನೆ ನಡುಗಿತು.

ಅಲ್ಲಿಯೇ ಬ್ರೈನ್ ಬ್ಯಾಂಕ್ ಕೂಡ ಇದೆ. ಮನೆಗೆ ಬಂದು ದಾನದ ವಿಷಯ ಎತ್ತಿದೆ, ಮನೆಯವರ ಒಪ್ಪಿಗೆ ಬೇಕು ಅಂದೆ. ಹೆಂಡತಿ ಮಾತಾಡದೆ ಡೇರಿಯ ಹಾಲಿನ ಪುಸ್ತಕ ತೆಗೆದಳು. ಲೀಟರ್, ಫ್ಯಾಟ್ ಬರೆಯುವ ಹಾಳೆಗಳ ಹಿಂಬದಿಯಲ್ಲಿ ಒಂದು ವರ್ಷದಿಂದ ನನ್ನ ಮರೆವನ್ನೂ ಬರೆದಿಡುತ್ತಿದ್ದಾಳೆ, ಡಾಕ್ಟರಮ್ಮನಿಗೆ ತೋರಿಸಲು. ಸೋಮವಾರ ಗಾಡಿ ಕೀ. ಬುಧವಾರ ಅಕ್ಕನ ಮಗಳ ಹೆಸರು. ಶುಕ್ರವಾರ ಏನೂ ಇಲ್ಲ.

"ಏನೂ ಇಲ್ಲ ಅನ್ನೋದು ಹೋದ ತಿಂಗಳು ಹನ್ನೊಂದು ದಿನ ಇತ್ತು. ಈ ತಿಂಗಳು ಹದಿನೈದು ಆಗಿದೆ, ನೋಡಿ" ಅಂದಳು. "ಆ ಅರ್ಜಿ ಆಮೇಲೆ ತನ್ನಿ, ಸೈನ್ ಹಾಕ್ತೀನಿ."