ಡಿಕನ್ಸನ ಹತ್ತು ಮಕ್ಕಳು

ಹಾಜರಿ ಕರೆಯುವಾಗ ರಾಮನ್, ವಿವೇಕಾನಂದ, ವಿಶ್ವೇಶ್ವರಯ್ಯ ಎಂದು ಓದುತ್ತಾ ಹೋಗುತ್ತೇನೆ. ಹಿಂದಿನ ಬೆಂಚಿನಿಂದ ಸಣ್ಣ ದನಿಯಲ್ಲಿ ‘ಯೆಸ್ ಸಾರ್’ ಎಂದು ಕೇಳಿಸುತ್ತದೆ. ಹೆತ್ತವರ ಆಸೆಯನ್ನು ಆ ಹುಡುಗ ದಿನವೂ ಹೊತ್ತು ತರಬೇಕು.

ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ ಇದನ್ನೇ ಮಾಡಿದ. ಅವನಿಗೆ ಹತ್ತು ಮಕ್ಕಳು, ಏಳು ಗಂಡು, ಮೂರು ಹೆಣ್ಣು. ಗಂಡುಮಕ್ಕಳಿಗೆ ಲ್ಯಾಂಡರ್, ಟೆನಿಸನ್, ಫೀಲ್ಡಿಂಗ್ ಎಂದು ದೊಡ್ಡ ಬರಹಗಾರರ ಹೆಸರುಗಳನ್ನು ಸೇರಿಸಿಟ್ಟ. ಮನೆಯಲ್ಲಿ ಶಿಸ್ತೋ ಶಿಸ್ತು! ಒಬ್ಬೊಬ್ಬರ ಟೋಪಿಗೂ ಒಂದೊಂದು ಗೂಟ. ಕೋಣೆಗಳನ್ನು ಅಪ್ಪನೇ ತಪಾಸಣೆ ಮಾಡುತ್ತಿದ್ದ. ಮಕ್ಕಳ ಜೊತೆ ನಾಟಕವಾಡುತ್ತಿದ್ದವನೂ ಅವನೇ. 1858ರಲ್ಲಿ ಹೆಂಡತಿ ಕ್ಯಾಥರೀನಳನ್ನು ದೂರ ಮಾಡಿದಾಗ ಹಿರಿಯ ಮಗ ಚಾರ್ಲಿ ಮಾತ್ರ ತಾಯಿಯ ಜೊತೆ ಹೋದ. ಹತ್ತು ಹೆತ್ತ ತಾಯಿಗೆ ಇದು ನ್ಯಾಯವೇ? ನನಗಂತೂ ಒಪ್ಪಿಗೆಯಿಲ್ಲ.

ಎರಡನೆಯ ಮಗ ವಾಲ್ಟರನಿಗೆ ಬರೆಯುವ ಹುಚ್ಚು. ಅದಕ್ಕೆ ಪ್ರೋತ್ಸಾಹ ಕೊಡಬೇಡಿ ಎಂದು ಡಿಕನ್ಸ್ ಅವನ ಮೇಷ್ಟ್ರಿಗೆ ತಿಳಿಸಿದ. 1857ರಲ್ಲಿ, ಹದಿನಾರನೆಯ ವಯಸ್ಸಿಗೆ, ಹುಡುಗ ಸೈನ್ಯ ಸೇರಿ ಭಾರತಕ್ಕೆ ಬಂದ. ಸಾಲ ಮಾಡಿಕೊಂಡ. 1863ರ ಡಿಸೆಂಬರ್ 31ರಂದು ಕಲ್ಕತ್ತೆಯಲ್ಲಿ, ಊರಿಗೆ ಹೊರಡಬೇಕಿದ್ದವನು, ಉಬ್ಬಿದ ರಕ್ತನಾಳ ಒಡೆದು ತೀರಿಕೊಂಡ. ವಯಸ್ಸು ಇನ್ನೂ 22. ಆಗ ಟೆಲಿಗ್ರಾಂ ಸೌಕರ್ಯ ಇಂಗ್ಲೆಂಡಿನವರೆಗೆ ಇರಲಿಲ್ಲ. ಸುದ್ದಿ ಅಪ್ಪನನ್ನು ಮುಟ್ಟಿದ್ದು 1864ರ ಫೆಬ್ರುವರಿ 7ರಂದು, ಅವನ ಹುಟ್ಟುಹಬ್ಬದ ದಿನ. ಅಣ್ಣನನ್ನು ನೋಡುವ ಆಸೆಯಿಂದ ಹಡಗು ಹತ್ತಿದ್ದ ತಮ್ಮ ಫ್ರಾನ್ಸಿಸ್‌ಗೆ ಇಲ್ಲಿ ಇಳಿದ ಮೇಲೆಯೇ ಸಾವಿನ ವಿಷಯ ತಿಳಿಯಿತು.

ಇನ್ನಿಬ್ಬರು ಆಸ್ಟ್ರೇಲಿಯಾಕ್ಕೆ ಹೋದರು. ಕೊನೆಯವನು ಹೊರಟಾಗಲೂ ಹದಿನಾರೇ ವರ್ಷ. ಸಿಡ್ನಿ ನೌಕಾದಳದಲ್ಲಿದ್ದು ಸಾಲಗಾರನಾದ. ಅಪ್ಪ ಅವನಿಗೆ ಮನೆಯ ಬಾಗಿಲು ಮುಚ್ಚಿದ. ಓದಿನಲ್ಲಿ ಮುಂದೆ ಬಂದವನು ಹೆನ್ರಿ. ಕೇಂಬ್ರಿಜ್‌ನಲ್ಲಿ ಗಣಿತ ಓದಿದ. (ಗಣಿತವೆಂದರೆ ನಮಗೆ ಸ್ವಲ್ಪ ಪಕ್ಷಪಾತ!) ಸ್ಕಾಲರ್‌ಶಿಪ್ ಬಂದ ಸುದ್ದಿಯನ್ನು ಅಪ್ಪನಿಗೆ ಹೇಳಿದಾಗ ಭೇಷ್ ಎಂದು ಸುಮ್ಮನಾದ ಡಿಕನ್ಸ್, ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟು ನಿಂತು, ಮಗನ ಕೈ ಹಿಡಿದು ಅತ್ತುಬಿಟ್ಟ.

ಸಾಲವೆಂದರೆ ಅವನಿಗೇಕೆ ಅಷ್ಟು ಸಿಟ್ಟು? 1824ರಲ್ಲಿ ಅವನ ತಂದೆಯೇ ಸಾಲಕ್ಕಾಗಿ ಜೈಲು ಸೇರಿದ್ದ. ಹನ್ನೆರಡು ವರ್ಷದ ಹುಡುಗ ಡಿಕನ್ಸ್ ಬೂಟ್ ಪಾಲಿಷ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಈ ಸಂಗತಿಯನ್ನು ಗೆಳೆಯ ಫಾರ್ಸ್ಟರನಿಗೆ ಹೇಳಿದ್ದನೇ ಹೊರತು ಮಕ್ಕಳ ಮುಂದೆ ಬಾಯಿ ಬಿಡಲಿಲ್ಲ.

1869ರ ಕ್ರಿಸ್‌ಮಸ್‌ನಲ್ಲಿ ಮನೆಮಂದಿಯೆಲ್ಲ ನೆನಪಿನ ಆಟ ಆಡುತ್ತಿದ್ದರು. ಒಬ್ಬೊಬ್ಬರೂ ಹಿಂದಿನ ಮಾತುಗಳನ್ನೆಲ್ಲ ಹೇಳಿ ಹೊಸದೊಂದನ್ನು ಸೇರಿಸಬೇಕು. ತನ್ನ ಸರದಿ ಬಂದಾಗ ಡಿಕನ್ಸ್ ಆ ಕಾರ್ಖಾನೆಯ ಹೆಸರು, ವಿಳಾಸ ಹೇಳಿದ. ಅಪ್ಪನ ದನಿ ವಿಚಿತ್ರವಾಗಿತ್ತು, ಕಣ್ಣು ಹೊಳೆಯುತ್ತಿತ್ತು ಎಂದು ಹೆನ್ರಿ ಬರೆದಿದ್ದಾನೆ. ಅರ್ಥ ಮಾತ್ರ ಆಗಲಿಲ್ಲ, ಆಟ ಮುಂದುವರಿಯಿತು. ಮುಂದಿನ ಜೂನ್‌ನಲ್ಲಿ ಅಪ್ಪ ತೀರಿಕೊಂಡ. ಆಮೇಲೆ ಫಾರ್ಸ್ಟರ್ ಬರೆದ ಜೀವನಚರಿತ್ರೆ ಅಚ್ಚಾದಾಗಲೇ ಹೆನ್ರಿಗೆ ಆ ವಿಳಾಸ ಯಾವುದೆಂದು ಗೊತ್ತಾಯಿತು.